ಸೈನಸ್ ಅಲ್ಲ, ಐದನೇ ನರ

ನಮಸ್ಕಾರ. ತಲೆನೋವು ಬಂದಾಗಲೆಲ್ಲ ಕೆನ್ನೆ ಒತ್ತಿಕೊಂಡು "ನನಗೆ ಸೈನಸ್" ಅನ್ನುವವರು ರೇಡಿಯೋ ಸ್ವಲ್ಪ ಜೋರು ಮಾಡಿ. ನಿಮ್ಮಲ್ಲಿ ತುಂಬಾ ಜನಕ್ಕೆ ಇರುವುದು ಸೈನಸ್ ಅಲ್ಲ, ಮೈಗ್ರೇನ್.

ಮೆದುಳಿನಿಂದ ಹೊರಡುವ ನರಗಳಿಗೆ ಒಂದು, ಎರಡು ಅಂತ ನಂಬರ್ ಇದೆ. ಅವುಗಳಲ್ಲಿ ಮುಖಕ್ಕೆ ಎರಡು ಮುಖ್ಯ. ನಗಿಸುವುದು, ಕಣ್ಣು ಮುಚ್ಚಿಸುವುದು ಏಳನೇ ನರ. ಅದು ಕೈಕೊಟ್ಟರೆ ಬಾಯಿ ಸೊಟ್ಟಗಾಗುತ್ತದೆ. ನೋವು, ಬಿಸಿ, ತಂಪು ತಿಳಿಸುವುದು ಐದನೇ ನರ. ಅದಕ್ಕೆ ಮೂರು ಕವಲು: ಹಣೆಗೆ, ಕೆನ್ನೆಗೆ, ಕೆಳದವಡೆಗೆ. ಮೈಗ್ರೇನ್ ನೋವಿನ ದಾರಿ ಐದನೇ ನರ. ಇದೊಂದು ನೆನಪಿಟ್ಟುಕೊಳ್ಳಿ.

ನನ್ನ ಹತ್ತಿರ ಒಬ್ಬ ಟೀಚರಮ್ಮ ಬಂದಿದ್ದರು, ಜೊತೆಗೆ ಯಜಮಾನರು. ಕೈಯಲ್ಲಿ ಚೀಲದ ತುಂಬ ಎಕ್ಸ್‌ರೇ. ಹಬೆ ತಗೊಂಡಿದ್ದಾಯ್ತು, ಆಂಟಿಬಯೋಟಿಕ್ ಆಯ್ತು, ಕನ್ನಡಕ ಬದಲಾಯ್ತು. "ತಲೆಸ್ನಾನ ಬಿಡು" ಅಂತ ಅತ್ತೆಯವರ ಸಲಹೆ ಬೇರೆ. ನಾನು ಕೇಳಿದೆ, "ನೋವು ಬಂದಾಗ ಏನು ಮಾಡ್ತೀರಮ್ಮ?"

"ಕಿಟಕಿ ಮುಚ್ಚಿ, ಲೈಟ್ ಆರಿಸಿ ಮಲಗ್ತೀನಿ ಡಾಕ್ಟ್ರೇ. ಮಿಕ್ಸಿ ಸದ್ದೂ ತಡೆಯಲ್ಲ. ವಾಂತಿ ಆದ್ರೆ ಸ್ವಲ್ಪ ಹಗುರ."

ಮೈಗ್ರೇನ್ ಅನ್ನಲು ಇನ್ನೇನು ಬೇಕು? ಆದರೆ ಯಜಮಾನರು ಬಿಡಲಿಲ್ಲ. "ಮೂಗು ಸೋರುತ್ತಲ್ಲ ಸಾರ್, ಸೈನಸ್ಸೇ ಅಲ್ವಾ?"

ಅಲ್ಲ ಸ್ವಾಮಿ! ಮೆದುಳಿಗೆ ನೋವೇ ಗೊತ್ತಾಗುವುದಿಲ್ಲ. ನೋಯುವುದು ಅದರ ಹೊದಿಕೆ, ಅಲ್ಲಿನ ರಕ್ತನಾಳ. ಅಮೆರಿಕದ ರೇ ಮತ್ತು ವುಲ್ಫ್ ಎಂಬ ವೈದ್ಯರು 1940ರಲ್ಲೇ ಇದನ್ನು ತೋರಿಸಿಕೊಟ್ಟರು. ಅಲ್ಲಿಂದ ಸುದ್ದಿ ತರುವುದು ಹೆಚ್ಚಾಗಿ ಐದನೇ ನರದ ಹಣೆಯ ಕವಲು. ಮೈಗ್ರೇನ್ ಶುರುವಾದರೆ ಆ ನರದ ತುದಿಗಳು ಸಿಜಿಆರ್‌ಪಿ ಎಂಬ ವಸ್ತು ಸುರಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ನೋವು ಏರುತ್ತದೆ. ಮೂರು ಮನೆಗೆ ಒಂದೇ ಕಾಲಿಂಗ್ ಬೆಲ್ ಇಟ್ಟ ಹಾಗೆ. ಬೆಲ್ ಹೊಡೆದದ್ದು ಹೊದಿಕೆ, ಮೆದುಳಿಗೆ ಅನ್ನಿಸುವುದು ಹಣೆ, ಕೆನ್ನೆ ಅಂತ. ಐದನೇ ನರ ಕೆರಳಿದರೆ ಏಳನೆಯದೂ ಸುಮ್ನೆ ಇರುವುದಿಲ್ಲ. ಕಣ್ಣೀರು, ಮೂಗಿನ ನೀರು ಸುರಿಸುವ ಎಳೆಗಳು ಅದರಲ್ಲೇ ಇವೆ. ಮೂಗು ಸೋರಿದ್ದು ಅದಕ್ಕೇ.

ಟೀಚರಮ್ಮನಿಗೆ ಮೈಗ್ರೇನ್ ಔಷಧಿ ಕೊಟ್ಟೆ, ನೋವು ಹತೋಟಿಗೆ ಬಂತು. ಎಕ್ಸ್‌ರೇ ಚೀಲ ನನ್ನ ಟೇಬಲ್ ಕೆಳಗೇ ಉಳಿಯಿತು.

ಅಯ್ಯೋ, ಸಮಯ ಮುಗಿಯುತ್ತಿದೆ. ಬೇಗ ಹೇಳಿಬಿಡ್ತೀನಿ. ಕತ್ತು ಹಿಡಿಯುವುದೂ ಮೈಗ್ರೇನ್ ಇರಬಹುದು. ಕತ್ತಿನ ನರಗಳೂ ಐದನೇ ನರ ಸೇರುವ ಜಾಗಕ್ಕೇ ಬಂದು ಸೇರುತ್ತವೆ. ಸಿಜಿಆರ್‌ಪಿ ತಡೆಯುವ ಇಂಜೆಕ್ಷನ್‌ಗಳು 2018ರಿಂದ ಬಳಕೆಗೆ ಬಂದಿವೆ. ತಿಂಗಳಲ್ಲಿ 15 ದಿನ ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ಹಿಂದೆಂದೂ ಇಲ್ಲದಷ್ಟು ಜೋರಾದ ನೋವು ಥಟ್ಟನೆ ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ನನ್ನ ಮಾತೆಲ್ಲ ಬದಿಗಿಟ್ಟು ನೇರ ಆಸ್ಪತ್ರೆಗೆ ಹೋಗಿ. ನಮಸ್ಕಾರ.