ಗಿರಣಿಯ ಗೋಡೆಯ ಮೇಲಿನ ಕಾಗದ

ನೀವು ಈಗ ನೋಡುತ್ತಿರುವುದು ನಮ್ಮ ಚಿಕ್ಕಪ್ಪನ ಹಿಟ್ಟಿನ ಗಿರಣಿ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಕ್ಷಮಿಸಿ, ಲೆನ್ಸಿನ ಮೇಲೂ ಹಿಟ್ಟು ಕುಳಿತಿತ್ತು. ಮೋಟಾರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಅದಕ್ಕೇ ಮನೆಗೆ ಬಂದು ದನಿ ಕೊಡುತ್ತಿದ್ದೇನೆ.

ಲಕ್ಷ್ಮಿಯ ಪಟದ ಪಕ್ಕದಲ್ಲಿ ಕಟ್ಟು ಹಾಕಿದ ಕಾಗದವೊಂದು ಕಾಣುತ್ತಿದೆಯಲ್ಲ, ಅದು ಪುರಸಭೆಯ ಉದ್ದಿಮೆ ಪರವಾನಗಿ. ಗಾಜನ್ನು ಬೆರಳಿನಿಂದ ಒರೆಸಿದೆ. ಅವಧಿ ಮಾರ್ಚ್ 31ಕ್ಕೆ ಮುಗಿದಿದೆ. ಇದನ್ನು ನಾನು ಚಿತ್ರೀಕರಿಸಿದ್ದು ಜೂನ್ ತಿಂಗಳಲ್ಲಿ.

ಚಿಕ್ಕಪ್ಪ ಮರೆತದ್ದಲ್ಲ. ಗಿರಣಿ ಇರುವುದು ಬಾಡಿಗೆ ಮಳಿಗೆಯಲ್ಲಿ. ನವೀಕರಣದ ಅರ್ಜಿಯ ಜೊತೆ ಆಸ್ತಿ ತೆರಿಗೆಯ ರಸೀದಿ ಕೇಳಿದರು. ತೆರಿಗೆ ಕಟ್ಟಬೇಕಾದವರು ಮಳಿಗೆಯ ಮಾಲೀಕರು, ಅವರು ಕಟ್ಟಿರಲಿಲ್ಲ. ಮಾಲೀಕರ ಬಾಕಿಗೆ ಬಾಡಿಗೆದಾರನ ಜುಟ್ಟು ಹಿಡಿಯುವ ಈ ಜಾಣತನ ನನಗೆ ಹಿಡಿಸುವುದಿಲ್ಲ. ಬಾಕಿ ವಸೂಲಾಗುತ್ತದೆ ಎಂಬುದೂ ನಿಜ, ಏನು ಮಾಡುವುದು!

ಇಷ್ಟಕ್ಕೂ ರಾಗಿ ಬೀಸುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ನಾನೂ ಕೇಳಿದ್ದೆ. 1964ರ ಪುರಸಭೆಗಳ ಕಾಯ್ದೆ ನೋಡುವುದು ಅಕ್ಕಪಕ್ಕದವರ ಕಡೆಯಿಂದ: ಹೊಗೆ, ವಾಸನೆ, ಸದ್ದು, ಬೆಂಕಿಯ ಭಯ. ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಪಾಲಿಕೆಗಳಿಗೆ ಇಂಥದೇ ಇನ್ನೊಂದು ಕಾಯ್ದೆ, 1976ರದು. ಕಾರ್ಮಿಕ ಇಲಾಖೆಯ ನೋಂದಣಿ ಬೇರೆ, ಆಹಾರ ಸುರಕ್ಷತೆಯದು ಬೇರೆ. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಆರೋಗ್ಯ ನಿರೀಕ್ಷಕರು ಬಂದದ್ದು ಮಂಗಳವಾರ. ಬಂದರು ಎಂಬ ಸುದ್ದಿ ಅವರಿಗಿಂತ ಮೊದಲೇ ಬೀದಿಯ ಕೊನೆ ಮುಟ್ಟಿತ್ತು. ಎದುರಿನ ದಿನಸಿ ಅಂಗಡಿಯಲ್ಲಿ ನೇತಾಡುತ್ತಿದ್ದ ಪ್ಲಾಸ್ಟಿಕ್ ಕೈಚೀಲಗಳು ಕಣ್ಣು ಮಿಟುಕಿಸುವುದರೊಳಗೆ ಮಾಯ. ದಪ್ಪ ಎಷ್ಟೇ ಇರಲಿ, ರಾಜ್ಯದಲ್ಲಿ 2016ರಿಂದಲೂ ಅವು ನಿಷಿದ್ಧ. ಗಲ್ಲಾದ ಕೆಳಗಿನ ಗೋಣಿಯೊಳಗೆ ಮಾತ್ರ ಕ್ಷೇಮವಾಗಿವೆ.

ಮುಖ ತೋರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಆದ್ದರಿಂದ ಅವರ ಕೈಗಳನ್ನಷ್ಟೇ ನೋಡಿ. ಪುಸ್ತಕದೊಳಗೆ ಕಾರ್ಬನ್ ಹಾಳೆ ಇಟ್ಟರು. ಮೋಟಾರಿನ ಮೇಲಿನ ತಗಡಿನ ಪಟ್ಟಿ ಓದಿ, ಎಷ್ಟು ಎಚ್.ಪಿ. ಎಂದು ಬರೆದುಕೊಂಡರು. ಬೆಲ್ಟಿಗೆ ಜಾಲರಿ ಇದೆಯೇ ಎಂದು ಬಗ್ಗಿ ನೋಡಿದರು. ಹಿಂಬದಿಯ ಕಿಟಕಿಯ ಹತ್ತಿರ ತುಸು ಹೊತ್ತು ನಿಂತರು. ಆ ಕಿಟಕಿಯ ಆಚೆಗಿನ ಮನೆಯಿಂದಲೇ ದೂರು ಹೋಗಿತ್ತು: ಒಣಗಿಸಿದ ಬಟ್ಟೆಯ ಮೇಲೆಲ್ಲ ಹಿಟ್ಟಿನ ಧೂಳು.

"ಯಜಮಾನರೇ, ಬೀಗ ಹಾಕುವುದು ನನಗೂ ಇಷ್ಟವಿಲ್ಲ. ಏಳು ದಿನದೊಳಗೆ ಮುಗಿಸಿಕೊಳ್ಳಿ" ಎಂದರು.

"ಮಾಲೀಕರಿಗೂ ಒಂದು ನೋಟಿಸು ಕೊಡಿ ಸಾರ್" ಎಂದರು ಚಿಕ್ಕಪ್ಪ.

ನಿರೀಕ್ಷಕರು ನಕ್ಕರು. ನೋಟಿಸಿನ ಪ್ರತಿ ಹರಿದು ಕೊಟ್ಟು, ಸಹಿ ಹಾಕಿಸಿಕೊಂಡರು. ಅವರ ಪ್ರತಿಯ ಮೇಲೆ ಚಿಕ್ಕಪ್ಪನ ಬಿಳಿ ಹೆಬ್ಬೆರಳಿನ ಗುರುತು ಚೆನ್ನಾಗಿ ಮೂಡಿದೆ.

ಅಂದೇ ಸಂಜೆ ಚಿಕ್ಕಪ್ಪ ಮಾಲೀಕರ ಮನೆಗೆ ಹೋಗಿ, ತೆರಿಗೆಯನ್ನು ತಾವೇ ಕಟ್ಟಿ ಬಾಡಿಗೆಯಲ್ಲಿ ಮುರಿದುಕೊಳ್ಳುವುದಾಗಿ ಒಪ್ಪಿಸಿ ಬಂದರು. ದಂಡ ಸೇರಿಸಿ ಶುಲ್ಕ ಕಟ್ಟಿದ್ದಾಯಿತು, ಕಿಟಕಿಗೆ ಒದ್ದೆ ಗೋಣಿಯ ಪರದೆ ಬಂತು. ಹೊಸ ಪರವಾನಗಿಯನ್ನು ಹಳೆಯದರ ಮೇಲೆಯೇ ಸಿಕ್ಕಿಸಿ ಗಾಜು ಮುಚ್ಚಿದರು. ಹಿಂದೆ ಎಷ್ಟು ವರ್ಷದವು ಇವೆಯೋ!

ಸಾಲಿನಲ್ಲಿರುವ ಆ ಮೂರನೆಯ ಸ್ಟೀಲ್ ಡಬ್ಬಿ, ನೀಲಿ ಮುಚ್ಚಳದ್ದು, ದೂರು ಕೊಟ್ಟವರ ಮನೆಯದು. ರಾಗಿ, ಐದು ಕಿಲೋ. ನುಣ್ಣಗೆ ಬೀಸಬೇಕಂತೆ.