ಮೂಳೆಯ ಸುಣ್ಣ, ಕಟ್ಟಿಕೊಂಡ ಯಂತ್ರ

ಕೇಳುಗರಿಗೆ ನಮಸ್ಕಾರ.

ಕಡಲೆಕಾಯಿ ಬೆಳೆಯುವವರಿಗೆ ಜಿಪ್ಸಂ ಗೊತ್ತೇ ಇದೆ. ಹೂ ಬಿಡುವ ಹೊತ್ತಿಗೆ, ಕಾಯಿ ಚೆನ್ನಾಗಿ ಕಟ್ಟಲಿ ಎಂದು ಹೊಲಕ್ಕೆ ಹಾಕುತ್ತೀರಿ. ಇದೇ ಜಿಪ್ಸಂ 2009ರಲ್ಲಿ ನಮ್ಮ ತಲೆಯ ಮೇಲೆ ಸುಮಾರು 350 ಕಿಲೋಮೀಟರ್ ಎತ್ತರದಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಂದು ಯಂತ್ರದೊಳಗೆ ಕಟ್ಟಿಕೊಂಡು ಅದನ್ನು ನಿಲ್ಲಿಸಿಬಿಟ್ಟಿತು. ಅಲ್ಲಿಗೆ ಅದನ್ನು ಯಾರೂ ಒಯ್ದಿರಲಿಲ್ಲ. ಅದರ ಸುಣ್ಣದಂಶ ಬಂದದ್ದು ಗಗನಯಾತ್ರಿಗಳ ಮೂಳೆಯಿಂದ.

ಭಾರ ಹೊರುವ ಕೆಲಸವಿಲ್ಲದಿದ್ದರೆ ಮೂಳೆ ಕರಗುತ್ತದೆ. 1973-74ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂರು ತಂಡಗಳು ಕ್ರಮವಾಗಿ 28, 59 ಮತ್ತು 84 ದಿನ ಇದ್ದು ಇದನ್ನು ಅಳೆದವು. ತಿಂದದ್ದೆಲ್ಲ ಲೆಕ್ಕಕ್ಕೆ ಬಂತು. ಮೂತ್ರದ ಮಾದರಿಯನ್ನು ಹೆಪ್ಪುಗಟ್ಟಿಸಿ, ಮಲವನ್ನು ಒಣಗಿಸಿ ಭೂಮಿಗೆ ತಂದರು. ಅಲ್ಲಿ ತಕ್ಕಡಿ ನಡೆಯುವುದಿಲ್ಲವಲ್ಲ, ಸ್ಪ್ರಿಂಗ್ ಕಟ್ಟಿದ ಕುರ್ಚಿಯಲ್ಲಿ ಮೈ ಬಿಗಿಹಿಡಿದು ಕೂತು ಹಿಂದೆಮುಂದೆ ತೂಗಿಸಿಕೊಳ್ಳುತ್ತಿದ್ದರು. ಒಂದು ತೂಗಿಗೆ ಹೆಚ್ಚು ಸಮಯ ಹಿಡಿದರೆ ದೇಹದ ದ್ರವ್ಯರಾಶಿ ಹೆಚ್ಚು ಎಂದರ್ಥ. ಒಳಗೆ ಹೋದದ್ದಕ್ಕಿಂತ ಹೆಚ್ಚು ಸುಣ್ಣದಂಶ ಹೊರಬೀಳುತ್ತಿದೆ ಎಂಬುದು ಈ ಲೆಕ್ಕದಿಂದ ಖಚಿತವಾಯಿತು. ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆಂದು ಮುಂದಿನ ಅಳತೆಗಳು ತೋರಿಸಿದವು.

ಈಗ ಯಂತ್ರದ ಮಾತು. 2008ರ ನವೆಂಬರಿನಲ್ಲಿ ನಿಲ್ದಾಣ ಸೇರಿದ ಇದು ಮೂತ್ರವನ್ನು ಬಟ್ಟಿ ಇಳಿಸಿ ನೀರು ತೆಗೆಯುತ್ತದೆ. ತೂಕವಿಲ್ಲದ ಕಡೆ ಆವಿ ಮೇಲೆ, ದ್ರವ ಕೆಳಗೆ ಎಂದು ಬೇರೆಯಾಗುವುದಿಲ್ಲ. ಅದಕ್ಕೇ ಡ್ರಮ್ ಗಿರಗಿರನೆ ತಿರುಗುತ್ತದೆ. ದ್ರವ ಅದರ ಗೋಡೆಗೆ ಅಂಟುತ್ತದೆ, ಆವಿಯನ್ನು ನಡುವಿನಿಂದ ಎಳೆದುಕೊಳ್ಳಬಹುದು. ಮೂತ್ರ ಕೆಡದಿರಲೆಂದು ಮೊದಲೇ ಗಂಧಕಾಮ್ಲ ಬೆರೆಸುತ್ತಿದ್ದರು. ಎಡವಿದ್ದು ಇಲ್ಲೇ. 100 ಲೀಟರಿನಲ್ಲಿ 85 ಲೀಟರ್ ನೀರು ತೆಗೆದರೆ ಉಳಿದ 15 ಲೀಟರಿನಲ್ಲಿ ಸುಣ್ಣದಂಶ ಆರೂವರೆ ಪಟ್ಟಿಗೂ ಹೆಚ್ಚು ದಟ್ಟವಾಗುತ್ತದೆ. ಅದು ಗಂಧಕಾಮ್ಲದ ಸಲ್ಫೇಟ್ ಜೊತೆ ಸೇರಿ ಜಿಪ್ಸಂ ಆಗಿ ಹರಳುಗಟ್ಟಿತು. ನೆಲದ ಮೇಲಿನ ಪರೀಕ್ಷೆಗೆ ಬಳಸಿದ್ದು ಮೂಳೆ ಗಟ್ಟಿಯಿದ್ದವರ ಮೂತ್ರ. ಹಾಗಾಗಿ ಇದು ಮೊದಲೇ ಕಣ್ಣಿಗೆ ಬೀಳಲಿಲ್ಲ.

ತಕ್ಷಣಕ್ಕೆ ನೀರು ತೆಗೆಯುವ ಪ್ರಮಾಣವನ್ನೇ ಶೇಕಡಾ 70-75ಕ್ಕೆ ಇಳಿಸಬೇಕಾಯಿತು. ಆಮೇಲೆ ಗಂಧಕಾಮ್ಲದ ಬದಲು ಫಾಸ್ಫಾರಿಕ್ ಆಮ್ಲ ಬಂತು. ಅದರಲ್ಲಿ ಸುಣ್ಣದಂಶ ಕರಗಿಯೇ ಉಳಿಯುತ್ತದೆ.

ಇನ್ನೊಂದು ತುದಿಯಲ್ಲಿ ಮೂಳೆಯನ್ನೇ ಉಳಿಸುವ ಕೆಲಸ ನಡೆಯಿತು. ನಿರ್ವಾತ ಸಿಲಿಂಡರುಗಳ ಎಳೆತದಿಂದ 270 ಕಿಲೋವರೆಗೆ ಭಾರ ಕೊಡುವ ವ್ಯಾಯಾಮ ಸಾಧನ ಅಲ್ಲಿದೆ. ಅದರೊಂದಿಗೆ ವಾರಕ್ಕೊಂದು 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆ ಕೊಟ್ಟು ನೋಡಿದರು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ನಮ್ಮ ತಾಯಂದಿರಿಗೆ ವೈದ್ಯರು ಬರೆದುಕೊಡುವ ಮಾತ್ರೆಯೇ ಇದು. ಸೊಂಟದ ಮೂಳೆ ಉಳಿಯಿತು, ಮೂತ್ರದ ಸುಣ್ಣದಂಶವೂ ಇಳಿಯಿತು. ಮೂತ್ರಪಿಂಡದಲ್ಲಿ ಕಲ್ಲಾಗುವ ಭಯವೂ ಇದರಿಂದ ತಗ್ಗುತ್ತದೆ.

ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಸಿಯನ್ನೂ ಈಗ ಬಿಡುವುದಿಲ್ಲ. ಅದನ್ನು ವಿಶೇಷ ಪೊರೆಯ ಚೀಲಕ್ಕೆ ತುಂಬಿ ಬೆಚ್ಚಗಿನ ಒಣಗಾಳಿ ಹಾಯಿಸುತ್ತಾರೆ. ಪೊರೆ ದಾಟಿದ ಆವಿ, ಉಸಿರು ಮತ್ತು ಬೆವರಿನ ತೇವದೊಂದಿಗೆ ತಣಿದು ನೀರಾಗಿ, ಶುದ್ಧಿಯಾಗಿ ಕುಡಿಯಲು ಬರುತ್ತದೆ. 2023ರಲ್ಲಿ ಹೀಗೆ ಮರಳಿ ದೊರೆತ ನೀರು ಶೇಕಡಾ 98 ಮುಟ್ಟಿತು.