ಆರೈಕೆಯೂ ಕಲಿತ ಕಸುಬು: ಏರ್‌ಪೋರ್ಟ್ ಮಾವನವರ ನೆನಪಿನ ಉಪನ್ಯಾಸ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತೆಯವರೇ, ಚಿಕ್ಕಬಳ್ಳಾಪುರದ ಬಂಧುಗಳೇ,

ನಮ್ಮ ಬೀದಿಯಲ್ಲಿ ಎಲ್ಲರೂ ಏರ್‌ಪೋರ್ಟ್ ಮಾವ ಎಂದೇ ಕರೆಯುತ್ತಿದ್ದ ಹಿರಿಯರನ್ನು ಕುರಿತು ಮಾತನಾಡಬೇಕೆಂದು ಅವರ ಮಗಳು ನನ್ನನ್ನು ಕೇಳಿದಾಗ, ಅಪ್ಪನನ್ನು ಹೊಗಳುವುದು ಬೇಡ, ಅವರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಹೇಳಿದರೆ ಸಾಕು ಎಂದರು. ಆ ಮಾತನ್ನು ನಾನು ಅಕ್ಷರಶಃ ಪಾಲಿಸಬೇಕೆಂದಿದ್ದೇನೆ. ಅವರ ವೈಕುಂಠ ಸಮಾರಾಧನೆಯ ದಿನ ಬಂದಿದ್ದವರಲ್ಲಿ ಹಲವರು, ಹೆಂಡತಿಗಾಗಿ ಇಷ್ಟು ತ್ಯಾಗ ಮಾಡಿದ ಗಂಡಸನ್ನು ನೋಡಿಲ್ಲ ಎಂದರು. ಅವರ ಭಾವನೆ ಪ್ರಾಮಾಣಿಕವಾದದ್ದು. ಆದರೆ ತ್ಯಾಗವೆಂದು ಕೈಮುಗಿದು ನಾವು ಮನೆಗೆ ಹೋಗಿಬಿಟ್ಟರೆ, ಅವರು ಹನ್ನೆರಡು ವರ್ಷಕ್ಕೂ ಮೀರಿ ದಿನದಿನವೂ ಕಲಿತು, ತಿದ್ದಿ, ಬರೆದಿಟ್ಟು ಮಾಡಿದ ಒಂದು ಕಸುಬು ನಮ್ಮ ಕಣ್ಣಿಗೆ ಬೀಳದೇ ಹೋಗುತ್ತದೆ. ಆ ಕಸುಬಿನ ಬೇರು ಅವರ ನೌಕರಿಯಲ್ಲಿತ್ತು. ಆದ್ದರಿಂದ ನೌಕರಿಯಿಂದಲೇ ಆರಂಭಿಸುತ್ತೇನೆ.

ದೇಶದ ಖಾಸಗಿ ವಿಮಾನ ಕಂಪನಿಗಳನ್ನು 1953ರ ಕಾಯ್ದೆಯ ಮೂಲಕ ರಾಷ್ಟ್ರೀಕರಣ ಮಾಡಿದಾಗ, ಒಳನಾಡಿನ ಹಾರಾಟಕ್ಕೆಂದು ಹುಟ್ಟಿದ ಸಂಸ್ಥೆ ಇಂಡಿಯನ್ ಏರ್‌ಲೈನ್ಸ್. ಮಾವನವರು ಅದನ್ನು ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಬೋಯಿಂಗ್ 737 ವಿಮಾನಗಳು ಆಗಷ್ಟೇ ಬಂದು, ಹಳೆಯ ಆವ್ರೊ, ಫಾಕರ್‌ಗಳೂ ಇನ್ನೂ ಹಾರುತ್ತಿದ್ದ ಕಾಲದಲ್ಲಿ. ಕೆಲಸದ ಜಾಗ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ. ಊರಿನಲ್ಲಿ ಬಹಳ ಮಂದಿ ಅವರನ್ನು ಪೈಲಟ್ ಎಂದೇ ತಿಳಿದಿದ್ದರು. ಅವರು ನೆಲದ ಮೇಲಿನ ಸಿಬ್ಬಂದಿ. ಮೊದಲು ಸಾಮಾನು ತೂಗುವ ಕೌಂಟರಿನಲ್ಲಿದ್ದು, ಆಮೇಲೆ ಸೇವೆಯ ಬಹುಭಾಗವನ್ನು ಲೋಡ್ ಶೀಟ್ ಬರೆಯುವುದರಲ್ಲಿ ಕಳೆದರು.

ಲೋಡ್ ಶೀಟ್ ಎಂಬುದು ಪ್ರಯಾಣಿಕರ ಕಣ್ಣಿಗೆ ಎಂದೂ ಬೀಳದ ಒಂದು ಹಾಳೆ. ವಿಮಾನ ಹೊರಡುವ ಮೊದಲು ಅದರ ಒಟ್ಟು ಭಾರ ಎಷ್ಟು, ಆ ಭಾರ ಎಲ್ಲೆಲ್ಲಿ ಕುಳಿತಿದೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಹೇರು ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ವಿಮಾನದಲ್ಲಿ ಭಾರದ ಕೇಂದ್ರ ತೀರ ಮುಂದಿದ್ದರೆ ಓಟದ ಕೊನೆಯಲ್ಲಿ ಮೂತಿ ಏಳುವುದಿಲ್ಲ, ತೀರ ಹಿಂದಿದ್ದರೆ ಎದ್ದ ಮೂತಿ ಹತೋಟಿಗೆ ಸಿಗುವುದಿಲ್ಲ. ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ತೂಗುವ ಪದ್ಧತಿಯಿಲ್ಲದ ಕಾರಣ ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು ಎಂದು ನಿಗದಿಯಾದ ತೂಕ ಹಿಡಿದು, ಸಾಮಾನು, ಅಂಚೆ, ಸರಕು, ಇಂಧನ ಎಲ್ಲವನ್ನೂ ಕೂಡಿ, ಒಂದು ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಬಂದರೆ ಕೊನೆಯ ಬಿಂದು ಗುರುತಿಸಿದ ಮಿತಿಯೊಳಗೆ ಬೀಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಮೊದಲೇ ತೆಳು. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಅದು ಇನ್ನಷ್ಟು ತೆಳುವಾಗಿ, ಬೆಳಿಗ್ಗೆ ಹೊತ್ತುಕೊಂಡು ಏರಬಹುದಾದಷ್ಟು ಭಾರವನ್ನು ವಿಮಾನ ಆಗ ಹೊರಲಾರದು. ಕಂಪ್ಯೂಟರ್ ಬರುವ ಮೊದಲು ಇದನ್ನೆಲ್ಲ ಕೈಯಲ್ಲೇ ಬರೆದು, ಬಾಗಿಲು ಮುಚ್ಚುವ ಹೊತ್ತಿಗೆ ಒಬ್ಬರು ಹೆಚ್ಚೋ ಕಡಿಮೆಯೋ ಆದರೆ ಅದನ್ನೂ ತಿದ್ದಿ, ಕ್ಯಾಪ್ಟನ್ನರ ಸಹಿ ಪಡೆಯಬೇಕಿತ್ತು. ಅಂದಾಜಿನಲ್ಲಿ ಏನನ್ನೂ ಬಿಡಬಾರದು, ಹೊತ್ತು ಮೀರಬಾರದು, ಬದಲಾದದ್ದನ್ನು ಬರೆಯದೆ ಇರಬಾರದು ಎಂಬ ಮೂರು ಅಭ್ಯಾಸಗಳು ಅವರಿಗೆ ಹೀಗೆ ಬಂದವು.

ಅತ್ತೆಯವರು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳು. ಬಿಸಿ ನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಬೆರಳಲ್ಲಿ ಹಿಡಿದು ಎತ್ತಬಲ್ಲವರಾಗಿದ್ದರು. ವಿಮಾನಪುರದ ಬಾಡಿಗೆ ಮನೆಯಲ್ಲಿ ಅವರಿಬ್ಬರ ಸಂಸಾರ ನಡೆಯಿತು. ನೌಕರರಿಗೆ ಸಿಗುತ್ತಿದ್ದ ಪಾಸ್ ಎಂದರೆ ಸೀಟು ಉಳಿದರೆ ಮಾತ್ರ ಪ್ರಯಾಣ. ಆದ್ದರಿಂದ ದೆಹಲಿಗೋ ಕಲ್ಕತ್ತೆಗೋ ಹೊರಟವರು ಕೊನೆಯ ಗಳಿಗೆಯವರೆಗೂ ಕಾದು, ಕೆಲವೊಮ್ಮೆ ಪೆಟ್ಟಿಗೆ ಹೊತ್ತು ಮನೆಗೇ ಮರಳುತ್ತಿದ್ದರಂತೆ. ಹಾಗೆ ಮರಳಿದ ದಿನ ಅತ್ತೆಯವರು ಒಮ್ಮೆಯೂ ಮುಖ ಸಣ್ಣದು ಮಾಡಲಿಲ್ಲ ಎಂಬುದನ್ನು ಮಾವನವರು ಬಹಳ ಅಭಿಮಾನದಿಂದ ಹೇಳುತ್ತಿದ್ದರು.

ನಿವೃತ್ತರಾಗಿ ಅವರು ನಮ್ಮ ಊರಿಗೆ ಬಂದು ನೆಲೆಸಿದರು. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಬಂದಾಗ, ನಿವೃತ್ತಿಯ ಮೇಲೆ ದೂರವಾಗಿದ್ದ ನಿಲ್ದಾಣ ಅವರ ಮನೆಯ ಹತ್ತಿರಕ್ಕೇ ಬಂದಂತಾಯಿತು. ಆದರೆ ಅದರ ಕಡೆಗೆ ಅವರ ಗಮನ ಹೆಚ್ಚು ಕಾಲ ಉಳಿಯಲಿಲ್ಲ. ಅತ್ತೆಯವರು ಬರೆಯುತ್ತಿದ್ದ ಹಾಲಿನ ಲೆಕ್ಕದಲ್ಲಿ ಅಂಕಿಗಳು ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಿರುವುದು ಅವರಿಗೆ ಕಾಣಿಸಿತು. ಕೈ ನಡುಗುವ ಮೊದಲೇ ಅಕ್ಷರ ಕುಗ್ಗುವುದುಂಟು. ಇತರರು ವಯಸ್ಸೆಂದು ಬಿಟ್ಟುಬಿಡುತ್ತಿದ್ದುದನ್ನು ಅವರು ಹಳೆಯ ಡೈರಿಗಳ ಪಕ್ಕದಲ್ಲಿಟ್ಟು ಹೋಲಿಸಿ, ಪುಸ್ತಕಗಳ ಸಮೇತ ಬೆಂಗಳೂರಿನ ನರರೋಗ ತಜ್ಞರ ಬಳಿಗೆ ಹೋದರು. ಅದು ಪಾರ್ಕಿನ್ಸನ್ ಕಾಯಿಲೆ ಎಂದು ತಿಳಿಯಿತು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ, ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಿಧಾನವಾಗಿ ನಶಿಸುತ್ತವೆ. ಚಲನೆ ನಿಧಾನವಾಗುತ್ತದೆ, ಸ್ನಾಯು ಬಿಗಿಯುತ್ತದೆ. ಮುಖ್ಯ ಔಷಧ ಲೆವೊಡೋಪ. ಮಾತ್ರೆಯ ಫಲ ಕೆಲವು ಗಂಟೆ ನಿಂತು ಇಳಿಯುತ್ತದೆ. ವರ್ಷಗಳು ಕಳೆದಂತೆ ಆ ಅವಧಿ ಕಿರಿದಾಗುತ್ತದೆ. ಜೊತೆಗೆ, ಪ್ರೋಟೀನು ಹೆಚ್ಚಿರುವ ಊಟದ ಸಂಗಡ ನುಂಗಿದರೆ ಅದು ರಕ್ತಕ್ಕೂ ಮಿದುಳಿಗೂ ಸೇರುವುದು ಕುಂದುತ್ತದೆ. ನಮ್ಮ ಸೀಮೆಯಲ್ಲಿ ಮಾರ್ಗಶಿರ, ಪುಷ್ಯ ಮಾಸಗಳೆಂದರೆ ಸೊಗಡಿನ ಅವರೆಕಾಯಿಯ ಕಾಲ, ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು. ಅತ್ತೆಯವರಿಗೆ ಅದು ಪ್ರಾಣ. ಮಾವನವರು ಸಾರನ್ನು ನಿಲ್ಲಿಸಲಿಲ್ಲ. ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ನಡಿಗೆ ಸಲೀಸಾದದ್ದು ಯಾವಾಗ, ಕಾಲು ಕಟ್ಟಿಕೊಂಡದ್ದು ಯಾವಾಗ ಎಂದು ಗೆರೆ ಹಾಕಿದ ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ವೈದ್ಯರಿಗೆ ತೋರಿಸಿ, ಮಾತ್ರೆಯನ್ನು ಊಟಕ್ಕಿಂತ ಸಾಕಷ್ಟು ಮುಂಚಿತವಾಗಿ ಕೊಟ್ಟು, ಅವರೆಯನ್ನು ರಾತ್ರಿಯ ಊಟಕ್ಕೆ ಇಟ್ಟರು. ಬಂಧುಗಳು ನಸುಗುನ್ನಿ ಬೀಜದ ಪುಡಿ ಕೊಡಿರೆಂದು ಒತ್ತಾಯಿಸಿದಾಗಲೂ ಅವರು ಬೈಯದೆ ವಿಚಾರಿಸಿದರು. ಆ ಬೀಜದಲ್ಲಿ ಲೆವೊಡೋಪ ಸಹಜವಾಗಿಯೇ ಇದೆ ಎಂದು ತಿಳಿದ ಮೇಲೆ, ಹಾಗಾದರೆ ಒಂದು ಚಮಚದಲ್ಲಿ ಎಷ್ಟಿದೆ ಎಂದು ಕೇಳಿದರು. ಯಾರಿಂದಲೂ ಉತ್ತರ ಬರಲಿಲ್ಲವಾಗಿ, ತೂಕ ತಿಳಿಯದ್ದನ್ನು ಹೇರುವುದಿಲ್ಲ ಎಂದು ಪಕ್ಕಕ್ಕಿಟ್ಟರು.

ಅವರ ಮನೆಯ ಕೆಂಪು ನೆಲದ ಮೇಲೆ ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಅಡ್ಡಡ್ಡ ಅಂಟಿಸಿದ ಹಳದಿ ಪಟ್ಟಿಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಈ ಕಾಯಿಲೆಯಲ್ಲಿ ನಡೆಯುತ್ತಿದ್ದವರ ಪಾದ, ಮುಖ್ಯವಾಗಿ ಹೊಸ್ತಿಲ ಬಳಿ ಮತ್ತು ತಿರುವಿನಲ್ಲಿ, ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಕಣ್ಣ ಮುಂದೆ ದಾಟಬೇಕಾದ ಒಂದು ಗೆರೆಯಿದ್ದರೆ ಅದೇ ಪಾದ ಎಷ್ಟೋ ಸಲ ಏಳುತ್ತದೆ. ಇದನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟ ದಿನವೇ ಮಾವನವರು ಅತ್ತೆಯವರ ಹೆಜ್ಜೆಯನ್ನು ಅಳೆದು, ಆ ಅಳತೆಗೆ ಸರಿಯಾಗಿ ಪಟ್ಟಿ ಹಾಕಿದರು. ವಿಮಾನಗಳಿಗೆ ನೆಲದ ಮೇಲೆ ದಾರಿ ತೋರಿಸುವುದೂ ಹಳದಿ ಗೆರೆಯೇ ಎಂಬುದು ಅವರಿಗೆ ಇಷ್ಟವಾದ ಸಂಗತಿಯಾಗಿತ್ತು. ನಿಂತಲ್ಲೇ ತಿರುಗದೆ ಅಗಲವಾಗಿ ಸುತ್ತು ಹಾಕಿ ತಿರುಗಬೇಕೆಂಬುದನ್ನೂ ಅಭ್ಯಾಸ ಮಾಡಿಸಿದರು. ಬೀದಿಯ ಮಕ್ಕಳಿಗೆ ಅವರು ಹಾಕಿದ್ದ ಕಟ್ಟಳೆ ಒಂದೇ: ಅಜ್ಜಿ ಹೊಸ್ತಿಲು ದಾಟುವಾಗ ಕರೆಯಬಾರದು, ದಾಟಿದ ಮೇಲೆ ಎಷ್ಟು ಬೇಕಾದರೂ ಮಾತನಾಡಬಹುದು. ಮಾತು ಮತ್ತು ನಡಿಗೆ ಎರಡಕ್ಕೂ ಏಕಕಾಲಕ್ಕೆ ಗಮನ ಕೊಡಬೇಕಾಗಿ ಬಂದರೆ ಅವರು ಬೀಳುವ ಅಪಾಯವಿತ್ತು. ಮಕ್ಕಳು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸಿದರು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಬೇರೆಯದು. ಕಾಯಿಲೆ ಬಲಿತಂತೆ ಮುಖದ ಸ್ನಾಯುಗಳು ಬಿಗಿದು ನಗು ಹೊರಗೆ ಕಾಣದಂತಾಗುತ್ತದೆ, ದನಿ ತಗ್ಗುತ್ತದೆ. ಸಂಜೆ ಅರಿಶಿನ ಕುಂಕುಮಕ್ಕೆ ಬರುತ್ತಿದ್ದ ಹೆಂಗಸರು, ಇವರಿಗೆ ನಾವು ಬಂದದ್ದು ಹಿಡಿಸಲಿಲ್ಲವೇನೋ ಎಂದುಕೊಂಡು ಬರುವುದನ್ನು ಕಡಿಮೆ ಮಾಡಿದರು. ಮಾವನವರು ಮನೆಮನೆಗೆ ಹೋಗಿ, ಅವಳು ಒಳಗೆ ನಗುತ್ತಿದ್ದಾಳೆ, ನಗುವನ್ನು ಮುಖಕ್ಕೆ ತರುವ ಶಕ್ತಿ ಕಡಿಮೆಯಾಗಿದೆ ಅಷ್ಟೇ, ದಯವಿಟ್ಟು ಬನ್ನಿ ಎಂದು ಕರೆದು ಬಂದರು. ಕರೆದದ್ದಕ್ಕೆ ಹೋದವರಲ್ಲಿ ನನ್ನ ಪತ್ನಿಯೂ ಒಬ್ಬರು. ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುವವರು ಸಿಕ್ಕಾರು. ರೋಗಿಗೆ ನೆಂಟರನ್ನೂ ನೆರೆಯವರನ್ನೂ ಉಳಿಸಿಕೊಡುವುದು ಆರೈಕೆಯ ಭಾಗವೆಂದು ತಿಳಿದವರು ಅಪರೂಪ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇದೇ ಕೆಲಸವನ್ನು ಈ ತಾಲ್ಲೂಕಿನ ಅದೆಷ್ಟೋ ಹೆಂಗಸರು ಗಂಡನಿಗೆ, ಅತ್ತೆಗೆ, ಮಾವನಿಗೆ ಮಾಡುತ್ತಿದ್ದಾರೆ. ಅವರ ಹೆಸರಿನಲ್ಲಿ ಉಪನ್ಯಾಸಗಳು ನಡೆಯುವುದಿಲ್ಲ. ಗಂಡಸು ಮಾಡಿದನೆಂಬ ಕಾರಣಕ್ಕೆ ಅದು ದೊಡ್ಡದಾಗುವುದಿಲ್ಲವೆಂದು ಮಾವನವರೇ ನನ್ನೊಂದಿಗೆ ಹಲವು ಸಲ ವಾದಿಸಿದ್ದಾರೆ. ತಮ್ಮ ತಾಯಿ ಲಕ್ವ ಹೊಡೆದು ಮಲಗಿದ್ದಾಗ, ತಾವು ಪಾಳಿಯ ಕೆಲಸದಲ್ಲಿದ್ದ ವರ್ಷಗಳಲ್ಲಿ, ಅವರನ್ನು ನೋಡಿಕೊಂಡವರು ಅತ್ತೆಯವರೇ ಎಂದೂ, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ತಾವು ಕಲಿತದ್ದು ಅವರಿಂದಲೇ ಎಂದೂ ಹೇಳುತ್ತಿದ್ದರು.

ಮಾವನವರು ಹೃದಯಾಘಾತದಿಂದ ತೀರಿಕೊಂಡ ಬೆಳಿಗ್ಗೆ, ದುಃಖದ ನಡುವೆಯೂ ಅತ್ತೆಯವರ ಒಂದು ಮಾತ್ರೆಯೂ ತಪ್ಪಲಿಲ್ಲ. ಆ ಪುಸ್ತಕದಲ್ಲಿ ಎಲ್ಲವೂ ಬರೆದಿತ್ತು, ಮಗಳು ಅದನ್ನು ತೆರೆದು ಓದಿದರೆ ಸಾಕಾಯಿತು. ಅದರ ಖಾಲಿ ಪುಟದ ನಕಲುಗಳನ್ನು ಅವರು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ದಯವಿಟ್ಟು ತೆಗೆದುಕೊಂಡು ಹೋಗಿ. ಮಾತ್ರೆಯ ಹೆಸರು ಮತ್ತು ಪ್ರಮಾಣದ ಕಲಂಗಳನ್ನು ಮಾತ್ರ ನಿಮ್ಮ ವೈದ್ಯರಿಂದಲೇ ತುಂಬಿಸಿ. ಅತ್ತೆಯವರು ಮಾತ್ರೆ ತೆಗೆದುಕೊಳ್ಳುವ ಹೊತ್ತು ಹತ್ತಿರವಾಗುತ್ತಿರುವುದರಿಂದ ನನ್ನ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಎಲ್ಲರಿಗೂ ನಮಸ್ಕಾರ.